ಬಾವಿಗೆ ಬೀಗ ಹಾಕಿದ ಧರ್ಮಾತ್ಮ

ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಾ ಕೂತಿದ್ದೆ. ಜಗಲಿಯ ಮೇಲೆ ಗೋಣಿಚೀಲ ಹಾಸಿ, ಒಂದು ಕಡೆ ನಾನು, ಇನ್ನೊಂದು ಕಡೆ ನಮ್ಮತ್ತೆ, ಮಧ್ಯೆ ಓಡು ತೆಗೆದ ಹಣ್ಣಿನ ರಾಶಿ. ಜಜ್ಜುವುದು ನನ್ನ ಪಾಲು, ನಾರೆಳೆದು ಬೀಜ ಬಿಡಿಸುವುದು ಅವರ ಪಾಲು. ಮಕ್ಕಳಿಬ್ಬರೂ ರಜೆಗೆಂದು ನನ್ನ ತವರಿಗೆ, ಪಾವಗಡದ ಕಡೆಗೆ ಹೋಗಿದ್ದರಿಂದ ಮನೆ ತಣ್ಣಗಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

ನನ್ನ ಎರಡು ಕೈಯೂ ಅಂಟು. ಅತ್ತೆ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಫೋನು ಒತ್ತಿ ನನ್ನ ಕಿವಿಗೆ ಹಿಡಿದರು. ಮಧುಗಿರಿಯ ಮೇಡಂ. ನಮ್ಮೂರಲ್ಲೇ ಹುಟ್ಟಿದವರು, ಮಧುಗಿರಿಯಲ್ಲಿ ಕಾಲೇಜಿನ ಮಕ್ಕಳಿಗೆ ಕನ್ನಡ ಹೇಳುತ್ತಾರೆ.

“ರಿಸಲ್ಟ್ ಬಿಟ್ಟಿದಾರೆ ಕಣ್ರೀ. ನಿಮ್ಮ ನಂಬರ್ ಹಾಕ್ತಾನೇ ಇದೀನಿ, ಪೇಜು ಓಪನ್ ಆಗ್ತಾ ಇಲ್ಲ. ಎಲ್ಲಾರೂ ಒಟ್ಟಿಗೆ ನೋಡ್ತಿದಾರೆ ಅನ್ಸುತ್ತೆ. ಸ್ವಲ್ಪ ಹೊತ್ತು ಬಿಟ್ಟು ಮಾಡ್ತೀನಿ.”

ಫೋನು ಕಟ್ಟಾಯಿತು. ಅತ್ತೆ ನನ್ನ ಮುಖ ನೋಡಿದರು.

“ಏನಂತೆ?”

“ಇನ್ನೂ ಗೊತ್ತಾಗಿಲ್ವಂತೆ ಅತ್ತೆ.”

“ಸರಿ, ಜಜ್ಜು. ಕೈ ನಿಲ್ಸಿದ್ರೆ ಅದೇನ್ ಓಡ್ಕೊಂಡ್ ಬಂದ್ಬುಡ್ತದಾ.”

ಜಜ್ಜಿದೆ. ಏಟು ಹಣ್ಣಿಗೆ ಬೀಳುತ್ತಿತ್ತೋ ಗೋಣಿಗೆ ಬೀಳುತ್ತಿತ್ತೋ ತಿಳಿಯದು.

ಅದು ಪಿಯುಸಿ ಪರೀಕ್ಷೆಯ ರಿಸಲ್ಟು. ಮಿಕ್ಕೆಲ್ಲ ಸಬ್ಜೆಕ್ಟನ್ನೂ ಮೊದಲ ಸಲಕ್ಕೇ ಪಾಸು ಮಾಡಿಕೊಂಡಿದ್ದೆ, ಇಂಗ್ಲಿಷನ್ನೂ ಸೇರಿಸಿ. ಉಳಿದಿದ್ದು ಕನ್ನಡ ಒಂದೇ. ಅದರಲ್ಲಿ ಎರಡು ಸಲ ಬಿದ್ದಿದ್ದೆ, ಇದು ಮೂರನೆಯದು. ನಮ್ಮೂರ ಅಂಗನವಾಡಿ ಟೀಚರಮ್ಮ ರಿಟೈರಾಗುವವರಿದ್ದರು. ಆ ಕೆಲಸಕ್ಕೆ ಊರಿನ ಹೆಂಗಸೇ ಆಗಬೇಕು, ಪಿಯುಸಿ ಆಗಿರಬೇಕು, ವಯಸ್ಸು ಮೀರಿರಬಾರದು. ನನ್ನ ವಯಸ್ಸು ಮೀರುವುದಕ್ಕೆ ಐದು ತಿಂಗಳು ಬಾಕಿ ಇತ್ತು. ಈ ಸಲ ಬಿದ್ದರೆ ಮುಂದೆ ಪಾಸಾದರೂ ಅರ್ಜಿ ಹಾಕುವಂತಿಲ್ಲ. ಮಕ್ಕಳಿಗೆ ಪದ್ಯ ಹೇಳಿಕೊಡುವ, ಊಟ ಹಾಕುವ, ತೂಕ ನೋಡಿ ಬರೆಯುವ ಆ ಕೆಲಸದ ಮೇಲೆ ನನಗೆ ಮದುವೆಯಾಗಿ ಬಂದಾಗಿನಿಂದ ಆಸೆ. ದೇವರ ಮುಂದೆ ಬೇರೆ ಏನನ್ನೂ ಅಷ್ಟು ಸಲ ಕೇಳಿದವಳಲ್ಲ.

ಕನ್ನಡದಲ್ಲಿ ಯಾಕೆ ಬಿದ್ದೆ ಅನ್ನುವುದನ್ನು ಹೇಳಬೇಕಾದರೆ ನನ್ನ ಮದುವೆಯ ಊಟದಿಂದ ಹೇಳಬೇಕು.

ನನ್ನ ತವರು ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಮ್ಮ ಮನೆಯವರದು ಇದ್ದದ್ದು ಇದ್ದ ಹಾಗೆ ಹೇಳುವ ಜಾಯಮಾನ. ಸಾರಿಗೆ ಉಪ್ಪಿಲ್ಲ ಅಂದರೆ ಉಪ್ಪಿಲ್ಲ ಅಂತಲೇ ಅರ್ಥ. ಹೊಳವನಹಳ್ಳಿ ಹತ್ತಿರದ ಈ ಊರಿನಿಂದ ನನ್ನನ್ನು ಒಪ್ಪಿ ಗಂಡಿನ ಕಡೆಯವರು ಬಂದರು. ಮದುವೆ ನನ್ನ ತವರಲ್ಲೇ ಆಯಿತು. ಬೀಗರ ಪಂಕ್ತಿ ಕೂತಾಗ ಗಂಡಿನ ಕಡೆ ಹೆಂಗಸರು ಹಾಡು ಎತ್ತಿಕೊಂಡರು. ಬೀಗರನ್ನು ಹಾಡಿನಲ್ಲಿ ಜರಿಯುವುದು ಎರಡು ಕಡೆಯೂ ಉಂಟು. ಆದರೆ ನಮ್ಮ ಕಡೆ ನೇರವಾಗಿ ಬಯ್ಯುತ್ತಾರೆ, ಕೇಳಿದ ತಕ್ಷಣ ಬೈಗುಳ ಅಂತ ಗೊತ್ತಾಗುತ್ತದೆ. ಇವರದು ಬೇರೆ. ಮುಂದೆ ಕೂತಿದ್ದ ನಮ್ಮತ್ತೆ ಎಲೆಯ ಮೇಲೆ ಕೈಯಿಟ್ಟುಕೊಂಡೇ ಹಾಡಿದರು:

ಬೀಗಿತ್ತಿ ಬಡಿಸಿದ ತುಪ್ಪಾವ ಏನೆನ್ಲಿ
ಎಲೆ ದಾಟಿ ಹರಿದು ಕೆರೆ ಕೋಡಿ ಬಿತ್ತವ್ವ
ಈಜಾಡಿ ನಾವು ದಡ ಬಂದು ಸೇರಿದ್ವು

ಪಂಕ್ತಿಯ ಕೊನೆಯವರಿಗೆ ತುಪ್ಪ ಒಂದೊಂದು ತೊಟ್ಟೂ ಬಿದ್ದಿರಲಿಲ್ಲ. ಅದನ್ನೇ ಅವರು ಹಾಡಿದ್ದು. ನಮ್ಮಮ್ಮನಿಗೆ ಕನ್ನಡ ಅಷ್ಟಕ್ಕಷ್ಟೆ. ತುಪ್ಪ, ಕೆರೆ, ಕೋಡಿ, ಇಷ್ಟು ಕಿವಿಗೆ ಬಿತ್ತು. ಬೀಗಿತ್ತಿ ತನ್ನನ್ನು ಹೊಗಳುತ್ತಿದ್ದಾಳೆ ಅಂದುಕೊಂಡು ಅಮ್ಮನ ಮುಖ ಅರಳಿತು. ಒಳಗೆ ಓಡಿಹೋಗಿ ದೇವರ ದೀಪಕ್ಕೆ ಎತ್ತಿಟ್ಟಿದ್ದ ತುಪ್ಪದ ಗಿಂಡಿಯನ್ನೇ ತಂದು, “ಇಂಕ ಕೊಂಚಂ ವೇಸುಕೋಂಡಿ ವದಿನಾ,” ಇನ್ನೂ ಸ್ವಲ್ಪ ಹಾಕಿಸಿಕೊಳ್ಳಿ ಅತ್ತಿಗೆ, ಎಂದು ಅತ್ತೆಯ ಎಲೆಗೆ ಸುರಿದುಬಿಟ್ಟಳು. ಇಡೀ ಪಂಕ್ತಿ ಅನ್ನ ಬಿಟ್ಟು ನಕ್ಕಿತು. ಅಮ್ಮನೂ ನಕ್ಕಳು, ಎಲ್ಲರೂ ಖುಷಿಯಾಗಿದ್ದಾರೆ ಎಂದು. ಬಾಸಿಂಗ ಕಟ್ಟಿಕೊಂಡು ಕೂತಿದ್ದ ನನಗೂ ಅದು ಹೊಗಳಿಕೆ ಅಂತಲೇ ಅನ್ನಿಸಿತ್ತು. ಅದು ಬಯ್ದದ್ದು ಅಂತ ಗೊತ್ತಾಗಿದ್ದು ಈ ಊರಿಗೆ ಬಂದು ಒಂದು ವರ್ಷವಾದ ಮೇಲೆ, ಅತ್ತೆ ಯಾರಿಗೋ ಹೇಳಿಕೊಂಡು ನಗುವಾಗ.

ಆಮೇಲೂ ನನ್ನ ಕಿವಿ ತಿದ್ದಿಕೊಳ್ಳಲಿಲ್ಲ. ಮುದ್ದೆ ಗಂಟುಗಂಟಾದ ದಿನ ಅತ್ತೆ, “ಬೆಣ್ಣೆ ಹಂಗೈತೆ ಕಣಮ್ಮ ಮುದ್ದೆ, ಗಂಟಲಲ್ಲಿ ತಾನೇ ಜಾರ್ತದೆ” ಅನ್ನುತ್ತಿದ್ದರು. ನಾನು ಇನ್ನೊಂದು ಮುದ್ದೆ ಇಡಲು ಹೋಗುತ್ತಿದ್ದೆ. ಕೆಟ್ಟ ಮಾತಿಗೆ ಸಿಟ್ಟಾಗುವ ಕಷ್ಟ ತಪ್ಪಿತಲ್ಲ, ಅದೂ ದೇವರು ಕೊಟ್ಟ ಒಂದು ಸಣ್ಣ ದಯೆ ಅಂತ ಈಗ ಲೆಕ್ಕ ಹಾಕುತ್ತೇನೆ.

ಇಂಥ ಕಿವಿ ಇಟ್ಟುಕೊಂಡು ಕನ್ನಡ ಪರೀಕ್ಷೆಗೆ ಕೂತೆ. ಪಠ್ಯದಲ್ಲಿ ಒಂದು ಸಣ್ಣ ಕಥೆ ಇತ್ತು. ಒಬ್ಬ ಸಾಹುಕಾರ. ದಾರಿಹೋಕರಿಗೆ ಅರವಟ್ಟಿಗೆ ಇಡಿಸಿ, ಮಡಕೆಯಲ್ಲಿ ನೀರು ಕೊಡಿಸುತ್ತಾನೆ. ಊರ ಬಾವಿಗೆ ಮಾತ್ರ ಗೋಡೆ ಕಟ್ಟಿಸಿ ಬೀಗ ಹಾಕಿಸುತ್ತಾನೆ. ಇಂಥ ಧರ್ಮಾತ್ಮನನ್ನು ನಾಡು ಕಂಡಿಲ್ಲ, ಬಡವರ ಕಾಲು ಜಾರದಿರಲಿ ಎಂದು ಬಾವಿಯನ್ನೇ ಮುಚ್ಚಿದ, ಎಂದು ಕಥೆ ಹೇಳುವವರು ಅವನನ್ನು ಕೊಂಡಾಡುತ್ತಾರೆ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ಯಾತ್ರೆಗೆ ಹೋಗುತ್ತಾನೆ. ಹಿಂದಿನಿಂದ ಅವನ ಹುಲ್ಲಿನ ಬಣವೆಗೆ ಬೆಂಕಿ ಬಿದ್ದು ಮನೆಗೆ ಹತ್ತಿಕೊಳ್ಳುತ್ತದೆ. ಜನ ಬಿಂದಿಗೆ ಹಿಡಿದು ಬಂದರೆ ಬಾವಿಗೆ ಬೀಗ. ಅದೇ ಹೊತ್ತಿಗೆ ಅವನು ಯಾವುದೋ ಛತ್ರದಲ್ಲಿ ಕೂತು, ನಮ್ಮೂರವರು ಈಗ ನನ್ನನ್ನೇ ನೆನೆಯುತ್ತಿರುತ್ತಾರೆ ಎಂದು ಜೊತೆಯವರಿಗೆ ಸಿಹಿ ಹಂಚುತ್ತಿರುತ್ತಾನೆ.

ಸಾಹುಕಾರನ ಪಾತ್ರವನ್ನು ಚಿತ್ರಿಸಿ ಎಂದು ಪ್ರಶ್ನೆ ಬಂತು. ನಾನು ಪುಟ ತುಂಬಾ ಬರೆದೆ. ಜನರ ಕಾಲು ಜಾರದಿರಲೆಂದು ಬಾವಿಗೆ ಬೀಗ ಹಾಕಿಸಿದ ದಯಾಳು, ಯಾತ್ರೆಗೆ ಹೋದ ಪುಣ್ಯವಂತ, ಇಂಥವನ ಮನೆಗೆ ಬೆಂಕಿ ಬಿದ್ದದ್ದು ದೇವರು ಭಕ್ತರಿಗೆ ಒಡ್ಡುವ ಪರೀಕ್ಷೆ, ನಾವೆಲ್ಲರೂ ಅವನ ಹಾದಿಯಲ್ಲಿ ನಡೆಯಬೇಕು. ಕೈಬರಹವೂ ಚೆನ್ನಾಗಿತ್ತು.

ಬಿದ್ದ ಮೇಲೆ ಉತ್ತರಪತ್ರಿಕೆಯ ನಕಲು ತರಿಸಿಕೊಂಡು, ಭಾನುವಾರ ಊರಿಗೆ ಬಂದಿದ್ದ ಮೇಡಂ ಹತ್ತಿರ ಹೋದೆ. ಅವರು ಆ ಪುಟ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅತ್ತದ್ದಲ್ಲ.

“ಇದು ವ್ಯಂಗ್ಯ ಕಣ್ರೀ. ಬರೆದವರು ಅವನನ್ನ ಬಯ್ತಾ ಇದಾರೆ.”

“ಧರ್ಮಾತ್ಮ ಅಂತ ಬರ್ದವ್ರಲ್ಲ ಮೇಡಂ.”

“ಅದಕ್ಕೇ ಬಯ್ದಿದ್ದು ಅನ್ನೋದು.”

ಆಮೇಲೆ ತಾಳ್ಮೆಯಿಂದ ಹೇಳಿದರು. ವ್ಯಂಗ್ಯದಲ್ಲಿ ಮುಖ್ಯವಾಗಿ ಮೂರು ಬಗೆ. ಹೇಳುವುದೊಂದು, ಮನಸ್ಸಿನಲ್ಲಿರುವುದು ಅದಕ್ಕೆ ತಿರುಗಾಮುರುಗಾ ಆದರೆ ಅದು ಮಾತಿನ ವ್ಯಂಗ್ಯ. ಏನಾಗಬೇಕೆಂದು ಮಾಡಿದರೋ ಅದರಿಂದಲೇ ಅದಕ್ಕೆ ವಿರುದ್ಧವಾದದ್ದು ಆದರೆ ಸನ್ನಿವೇಶದ ವ್ಯಂಗ್ಯ. ಓದುವವರಿಗೆ ಗೊತ್ತಿದ್ದು ಕಥೆಯೊಳಗಿನವರಿಗೆ ಗೊತ್ತಿಲ್ಲದೆ ಹೋದರೆ ನಾಟಕೀಯ ವ್ಯಂಗ್ಯ. ಮೂರನ್ನೂ ನೋಟ್ಸಿನಲ್ಲಿ ಬರೆದುಕೊಂಡೆ, ಬಾಯಿಪಾಠ ಮಾಡಿದೆ. ನನಗೆ ಒಂದೇ ಅನುಮಾನ ಇತ್ತು.

“ಬೆಂಕಿ ಬಿದ್ದದ್ದು ದೇವರ ಇಚ್ಛೆ ಅಲ್ವಾ? ಅದನ್ನ ವ್ಯಂಗ್ಯ ಅಂದ್ರೆ ಅಪಚಾರ ಆಗಲ್ವಾ?”

“ಆ ಬೆಂಕಿ ಹಚ್ಚಿದ್ದು ದೇವರಲ್ಲಮ್ಮ, ಕಥೆ ಬರೆದವರು,” ಎಂದರು. ಸಮಾಧಾನವಾಯಿತು. ಆದರೆ ಅರ್ಥವಾಗಲಿಲ್ಲ. ಎರಡನೇ ಪರೀಕ್ಷೆಯಲ್ಲಿ ಮೂರು ಬಗೆಯ ವಿವರಣೆಯನ್ನೂ ಅಕ್ಷರ ತಪ್ಪದೆ ಬರೆದು, ಉದಾಹರಣೆಗಳನ್ನು ಅದಲುಬದಲು ಮಾಡಿಟ್ಟು ಬಂದೆ. ಮತ್ತೆ ಬಿದ್ದೆ.

ಅಷ್ಟು ಹೊತ್ತಿಗೆ ಬೀದಿಯಲ್ಲಿ ಅತ್ತೆಯ ಮಾತು ಶುರುವಾಗಿತ್ತು. “ನಮ್ಮ ಸೊಸೆ ದೊಡ್ಡ ಪಂಡಿತೆ ಕಣವ್ವ. ಒಂದ್ಸಲ ಬರೆದ್ರೆ ಸರ್ಕಾರದೋರ್ಗೆ ತೃಪ್ತಿ ಇಲ್ಲ, ಇನ್ನೊಂದ್ಸಲ ಬರಿ ತಾಯಿ ಅಂತ ಕರೀತಾರೆ.” ಈ ಸಲ ನನಗೂ ತಿಳಿಯಿತು. ನಾಚಿಕೆಯಾಗಿ, ಇನ್ನು ಪುಸ್ತಕ ಮುಟ್ಟುವುದಿಲ್ಲ ಎಂದು ಅವರಿಗೆ ಹೇಳಿಬಿಟ್ಟೆ. ನಮ್ಮನೆಯವರಿಗೆ ಮಾತ್ರ ನಿಜ ಗೊತ್ತಿತ್ತು. ಅವರು ಲಗೇಜ್ ಆಟೊ ಓಡಿಸುತ್ತಾರೆ, ಬೆಳಿಗ್ಗೆ ಹೋದರೆ ಸಂಜೆಗೆ ಬರುವುದು. “ಓದ್ಕೊ. ನಾನೇನ್ ಬಾಯಿ ಬಿಡಲ್ಲ,” ಎಂದರು.

ಎಲ್ಲಿ ಓದುವುದು? ಅತ್ತೆಯ ಕಣ್ಣು ತಪ್ಪಿಸಿ ಕೂರಲು ನಮ್ಮ ಮನೆಯಲ್ಲಿ ಜಾಗವಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ, ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಶುಕ್ರವಾರದ ಲಕ್ಷ್ಮೀವ್ರತದ ಪುಸ್ತಕದ ಹೊದಿಕೆ ಬಿಚ್ಚಿ ಪಠ್ಯಪುಸ್ತಕಕ್ಕೆ ಹಾಕಿದೆ. ದೀಪ ಹಚ್ಚಿ ದೇವರ ಮೂಲೆಯಲ್ಲಿ ಕೂತು ಓದುವುದು. ಅತ್ತೆಗೆ ಅಕ್ಷರ ಬರುವುದಿಲ್ಲ. ದೇವರ ಎದುರಿಗೆ ಸುಳ್ಳು, ಅದೂ ದೇವರ ಹೆಸರು ಹೊದಿಸಿದ ಸುಳ್ಳು. ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ಪಟದ ಹಿಂದೆ ಇಟ್ಟು, “ತಾಯಿ, ಪಾಸು ಮಾಡ್ಸು, ಗೊರವನಹಳ್ಳಿ ನಿನ್ ಗುಡಿಗೆ ಬಂದು ಒಪ್ಪಿಸ್ತೀನಿ,” ಅಂದುಕೊಂಡೆ.

ಮೊದಲ ಶುಕ್ರವಾರವೇ ಅತ್ತೆ ಬಂದು ಗೋಡೆಗೊರಗಿ ಕೂತರು.

“ಮನಸ್ನಲ್ಲೇ ಓದ್ಕೊಂಡ್ರೆ ಪುಣ್ಯ ನಿಂಗೊಬ್ಳಿಗೇ. ಗಟ್ಟಿಯಾಗ್ ಓದಮ್ಮ, ನಾನೂ ಕೇಳಾನ.”

ತೆರೆದಿದ್ದ ಪುಟದಲ್ಲಿ ಸಾಹುಕಾರ. ಬೇರೆ ದಾರಿಯಿಲ್ಲದೆ ಅದನ್ನೇ ಓದಿದೆ, ವ್ರತಕಥೆ ಓದುವ ರಾಗದಲ್ಲಿ. ಅತ್ತೆ ಕೈ ಮುಗಿದು ಕೇಳಿದರು. ಅರವಟ್ಟಿಗೆ ಬಂತು, ಬಾವಿಗೆ ಗೋಡೆ ಬಂತು, ಬಡವರ ಕಾಲು ಜಾರದಿರಲೆಂದು ಬೀಗ ಬಂತು. ಅತ್ತೆ ಮೂಗಿನಲ್ಲಿ ನಕ್ಕರು.

“ಬಲೇ ಧರ್ಮಾತ್ಮ ಕಣಮ್ಮ ಇವ್ನು. ಕಾಲು ಜಾರ್ತದೆ ಅಂತ ಬಾವಿಗೇ ಬೀಗ. ಗಂಟಲು ಸಿಕ್ಕೊಂತದೆ ಅಂತ ಅನ್ನಕ್ಕೂ ಹಾಕ್ಲಿಲ್ವಾ?”

ಓದುವುದು ನಿಲ್ಲಿಸಿ ಅವರನ್ನೇ ನೋಡಿದೆ. ಎರಡು ಪರೀಕ್ಷೆ ನುಂಗಿದ ವಾಕ್ಯ ಅದು. ಅಕ್ಷರ ಬರದ ಹೆಂಗಸಿಗೆ ಒಂದೇ ಸಲ ಕೇಳಿದ್ದಕ್ಕೆ ತಿಳಿಯಿತು.

“ನಿಮ್ಗೆ ಹೆಂಗೆ ಗೊತ್ತಾಯ್ತು ಅತ್ತೆ, ಬಯ್ತಾವ್ರೆ ಅಂತ?”

“ಗೊತ್ತಾಗ್ದೆ ಏನು? ಹೊಗಳೋದು ಒಂದ್ ಹಿಡಿ ಜಾಸ್ತಿ ಆದ್ರೆ ಅಲ್ಲೇನೋ ಐತೆ ಅಂತ. ಇನ್ನ ಕಾರಣ ಕೇಳು. ಯಾಕ್ ಬೀಗ ಹಾಕ್ದ? ಕಾಲು ಜಾರ್ತದೆ ಅಂತ. ಆ ಕಾರಣಕ್ಕೂ ಆ ಕೆಲ್ಸಕ್ಕೂ ಹೊಂದ್ತದಾ? ಹೊಂದಲ್ಲ. ಹೊಂದ್ದೆ ಇರೋ ಹೊಗಳಿಕೆ ಬೈಗುಳ ಕಣಮ್ಮಿ. ನಾವು ಬೀಗರ ಹಾಡು ಕಟ್ಟೋದು ಇನ್ನೆಂಗೆ ಅನ್ಕೊಂಡಿದ್ದೆ? ನಿಮ್ಮಮ್ಮ ಗಿಂಡಿ ತಂದು ಸುರೀಲಿ ಅಂತ ಕಟ್ಟಿದ್ನಾ?”

ಕೋಡಿ ಬಿದ್ದ ತುಪ್ಪ ಆಗ ನನ್ನ ಕಣ್ಣ ಮುಂದೆ ಬಂತು. ಒಬ್ಬಳೇ ನಗಲು ಶುರು ಮಾಡಿದೆ, ಅತ್ತೆಯೂ ಸೇರಿಕೊಂಡರು, ದೀಪದ ಮುಂದೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟೋ ವರ್ಷದ ಮೇಲೆ ನನ್ನ ಮದುವೆಯ ಹಾಡಿಗೆ ನಾನು ನಕ್ಕದ್ದು ಅವತ್ತು.

ಮುಂದಕ್ಕೂ ಓದಿಸಿದರು. ಬೆಂಕಿ ಬಿದ್ದು, ಜನ ಬಾವಿಯ ಹತ್ತಿರ ನಿಂತ ಕಡೆ ಅತ್ತೆ ತಡೆದರು. “ಬೀಗ ಒಡ್ಯಕ್ಕೆ ಒಂದ್ ಕಲ್ಲು ಸಿಗ್ಲಿಲ್ವಾ?”

“ಒಡೆದ್ರೆ ದಂಡ ಅಂತ ಅವ್ನೇ ಹೇಳಿದ್ದ ಅತ್ತೆ.”

“ಹಂಗಾದ್ರೆ ಯಜಮಾನನ ಮಾತು ಮೀರ್ಲಿಲ್ಲ, ಪಾಪ, ವಿನಯದ ಜನ,” ಎಂದು ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ನಿಧಾನವಾಗಿ, “ನೋಡಮ್ಮ, ಬೇರೆ ಯಾರೂ ಅವ್ನ ಮನೆ ಸುಡ್ಲಿಲ್ಲ. ಅವ್ನ ಬೀಗವೇ ಸುಡ್ತು,” ಅಂದರು.

ಆ ಮಾತನ್ನು ಕೆಲಸ ಮುಗಿದ ಮೇಲೆ ನೋಟ್ಸಿನಲ್ಲಿ, ಸನ್ನಿವೇಶದ ವ್ಯಂಗ್ಯ ಅನ್ನುವುದರ ಕೆಳಗೆ ಬರೆದಿಟ್ಟುಕೊಂಡೆ. ಬಾಯಿಪಾಠ ಮಾಡುವುದು ಬೇಕಾಗಲಿಲ್ಲ.

ಅಲ್ಲಿಂದ ಮುಂದೆ ಶುಕ್ರವಾರ ಬಿಡಲಿಲ್ಲ. ನಾನು ಪಾಠ ಓದುವುದು, ಅವರು ನಡುವೆ ಬಾಯಿ ಹಾಕುವುದು. ಯಾವ ದೇವರ ಕಥೆ ಇದು ಎಂದು ಒಂದು ಸಲವೂ ಕೇಳಲಿಲ್ಲ. ಪಟದಲ್ಲಿದ್ದ ಲಕ್ಷ್ಮಿಯೇ, ಆಯಮ್ಮನೇ ಅವರ ಬಾಯಿ ಕಟ್ಟಿದ್ದಾಳೆ ಅಂದುಕೊಂಡೆ.

ಎಲ್ಲದರಲ್ಲೂ ವ್ಯಂಗ್ಯ ಕಾಣುವ ಹುಚ್ಚು ಕೂಡ ಹತ್ತಿತು. ಬಸ್ಸು ತಪ್ಪಿದ್ದನ್ನು ಮೇಡಂಗೆ ಹೇಳಿ, ಇದು ಸನ್ನಿವೇಶದ ವ್ಯಂಗ್ಯವೇ ಎಂದು ಕೇಳಿದೆ. “ಅದು ಬರೀ ಬಸ್ ತಪ್ಪಿದ್ದು,” ಎಂದರು. “ಬಸ್ ತಪ್ಪಬಾರದು ಅಂತ ಬೇಗ ಹೊರಟು, ಆ ಆತುರದಲ್ಲೇ ಚೀಲ ಮರೆತು ವಾಪಸ್ ಹೋಗಿ, ಅದಕ್ಕೇ ಬಸ್ ತಪ್ಪಿದ್ರೆ ಆಗ ಬನ್ನಿ.” ಇದನ್ನು ನಮ್ಮನೆಯವರಿಗೆ ಹೇಳಿದೆ. ಅವರು ಆಗಾಗ ಕಡಲೆಕಾಯಿ ಲೋಡು ಹಾಕಿಕೊಂಡು ಶಿರಾಕ್ಕೆ ಹೋಗುತ್ತಾರೆ. ಊಟ ಮಾಡುತ್ತಾ ಹೇಳಿದರು: “ಅಲ್ಲೊಬ್ರು ಎಣ್ಣೆ ಮಿಲ್ಲಿನೋರು ಅವ್ರೆ. ಅಸಲಿ ಎಣ್ಣೆ ಹೆಂಗೈತೆ ಅಂತ ಗಿರಾಕಿಗೆ ತೋರ್ಸಕ್ಕೆ ದಿನಾ ತಾವೇ ತಿಂದು ತಿಂದು, ಈಗ ಡಾಕ್ಟ್ರು ಎಣ್ಣೆ ವಾಸ್ನೇನೂ ಬ್ಯಾಡ ಅಂದವ್ರಂತೆ. ಒಣ ರೊಟ್ಟಿ ಹಿಡ್ಕೊಂಡು ಎಣ್ಣೆ ಡಬ್ಬದ ಮಧ್ಯೆ ಕೂತಿರ್ತಾರೆ. ಇದಾಗ್ತದಾ ನಿಮ್ ಮೇಡಂಗೆ?” ಆಗುತ್ತದೆ ಅಂದೆ. ತಾನೂ ಒಂದು ಸಾಹಿತ್ಯ ತಂದೆ ಅನ್ನುವ ಹಾಗೆ ಅವರು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ನಾಟಕೀಯ ವ್ಯಂಗ್ಯ ಒಂದು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಸಾಹುಕಾರ ಛತ್ರದಲ್ಲಿ ಸಿಹಿ ಹಂಚುವುದು ಗೊತ್ತಿತ್ತು, ಬರೆಯಲೂ ಬರುತ್ತಿತ್ತು. ಆದರೆ ಅದರಲ್ಲಿ ಓದುವವರ ಎದೆಗೆ ಆಗುವುದೇನು ಅನ್ನುವುದು ತಿಳಿಯುತ್ತಿರಲಿಲ್ಲ. ಕಥೆಯೊಳಗಿನವನಿಗೆ ಗೊತ್ತಿಲ್ಲದಿದ್ದರೆ ಏನೀಗ ಅನ್ನಿಸುತ್ತಿತ್ತು.

ಪರೀಕ್ಷೆಯ ದಿನ ಬಂತು. ಸೆಂಟರು ಮಧುಗಿರಿ. ಅಲ್ಲಿನ ಮಾರಮ್ಮನ ಗುಡಿಗೆ ಹರಕೆ ಇದೆ, ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದು ಅತ್ತೆಗೆ ಹೇಳಿದ್ದೆ. ಹಣ್ಣುಕಾಯಿ ಚೀಲ ಹಿಡಿದು, ಒಳಗೆ ಎರಡು ಪೆನ್ನು, ಹಾಲ್ ಟಿಕೆಟ್ ಬಚ್ಚಿಟ್ಟುಕೊಂಡು ಹೊಸಿಲು ದಾಟಿದೆ. ಅತ್ತೆ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಮಾರಮ್ಮಂಗೆ ಎರಡು ಪೆನ್ನು ಸಾಕಾ? ಒಂದ್ ಕೆಟ್ಟೋದ್ರೆ, ಇನ್ನೊಂದೂ ಕೆಟ್ಟೋದ್ರೆ? ಮೂರು ಇಟ್ಕೊ.”

ಚೀಲ ಇಳಿಸಿ ಹಿಂದಕ್ಕೆ ತಿರುಗಿದೆ.

“ಅತ್ತೆ…”

“ಆ ವ್ರತದ ಕತೆ ನಮ್ಮವ್ವ ಹೇಳ್ತಿದ್ಲು, ನಂಗೆ ಏಳು ವರ್ಸದೋಳಿದ್ದಾಗ್ನಿಂದ್ಲೂ ಬಾಯಾಗೈತೆ. ಅದ್ರಾಗೆ ಬಾವಿಗೆ ಬೀಗ ಹಾಕೋ ಸಾವ್ಕಾರ ಇಲ್ಲ ಕಣಮ್ಮ. ಮೊದಲ್ನೇ ವಾರವೇ ಗೊತ್ತಾಯ್ತು.”

“ಮತ್ತೆ ಕೇಳ್ಲೇ ಇಲ್ವಲ್ಲ.”

“ಕೇಳಿದ್ರೆ ನೀನು ನಿಲ್ಸಿಬುಡ್ತಿದ್ದೆ. ನಿಲ್ಸಿದ್ರೆ ಆ ಸಾವ್ಕಾರನ್ ಗತಿ ಏನಾಯ್ತು ಅಂತ ನಂಗೆ ಯಾರು ಓದಿ ಹೇಳ್ತಿದ್ರು? ಹೋಗು, ಬಸ್ಸು ತಪ್ತದೆ. ಬರೀ ಬಸ್ಸು ತಪ್ಪಿದ್ದು ಲೆಕ್ಕಕ್ಕಿಲ್ವಂತಲ್ಲ.”

ಊಟದ ಹೊತ್ತಿನ ಆ ಮಾತೂ ಕಿವಿಗೆ ಬಿದ್ದಿತ್ತು ಅಂತಾಯಿತು.

ಬಸ್ಸಿನಲ್ಲಿ ಕಿಟಕಿಯ ಸೀಟೇ ಸಿಕ್ಕಿತು, ಅದೊಂದು ದಯೆ. ಕೊರಟಗೆರೆ ದಾಟುವವರೆಗೂ ಒಂದೇ ಯೋಚನೆ. ಅಷ್ಟು ಶುಕ್ರವಾರ ನಾನು ಜಾಣತನದಿಂದ ರಾಗ ಎಳೆದು ಓದಿದ್ದೆ, ಅತ್ತೆ ಕೈ ಮುಗಿದು ಕೇಳಿದ್ದರು. ಮೋಸ ಮಾಡುತ್ತಿದ್ದೇನೆ ಅಂದುಕೊಂಡವಳು ನಾನು. ಗೊತ್ತಿದ್ದೂ ಸುಮ್ಮನೆ ಕೂತು, ನನ್ನ ಮೇಲೆ ಮರುಕಪಟ್ಟು, ಒಳಗೊಳಗೇ ನಕ್ಕು, ನಾನು ನಿಲ್ಲಿಸದ ಹಾಗೆ ನೋಡಿಕೊಂಡವರು ಅವರು. ಕಥೆಯೊಳಗೆ ನಾನಿದ್ದೆ, ಹೊರಗೆ ಕೂತು ನೋಡುತ್ತಿದ್ದವರು ಅತ್ತೆ. ಮಧುಗಿರಿ ಬೆಟ್ಟ ಕಿಟಕಿಗೆ ಬರುವ ಹೊತ್ತಿಗೆ ನಾಟಕೀಯ ವ್ಯಂಗ್ಯ ನನಗೆ ಪೂರ್ತಿ ಅರ್ಥವಾಗಿತ್ತು. ಅದು ಎದೆಯೊಳಗೆ ಏನು ಮಾಡುತ್ತದೆ ಅನ್ನುವುದೂ. ಯಾರದೋ ಗುಟ್ಟು ನಮಗೆ ಗೊತ್ತಿರುವಾಗ ಅವರ ಮೇಲೆ ನಗುವೂ ಬರುತ್ತದೆ, ಅಯ್ಯೋ ಪಾಪ ಅಂತಲೂ ಅನ್ನಿಸುತ್ತದೆ, ಎರಡೂ ಒಟ್ಟಿಗೆ.

ಸುಳ್ಳು ಹೇಳಿ ಬಂದದ್ದನ್ನು ನಿಜ ಮಾಡಿಬಿಡೋಣ ಎಂದು ಮೊದಲು ಮಾರಮ್ಮನ ಗುಡಿಗೇ ಹೋಗಿ ಕಾಯಿ ಒಡೆಸಿದೆ. ಕಾಯಿ ಸಮವಾಗಿ ಒಡೆಯಿತು. ಆಮೇಲೆ ಸೆಂಟರಿಗೆ ಓಡಿದೆ.

ಪ್ರಶ್ನೆಪತ್ರಿಕೆಯಲ್ಲಿ ಅದೇ ಕಥೆ. ಅದರಲ್ಲಿ ವ್ಯಂಗ್ಯವು ಯಾವ ಯಾವ ಬಗೆಯಲ್ಲಿ ಬಂದಿದೆ, ಉದಾಹರಣೆಯೊಂದಿಗೆ ವಿವರಿಸಿ. ಕಣ್ಣು ಮುಚ್ಚಿ ಒಂದು ಸಲ ಕೈ ಮುಗಿದು ಬರೆಯಲು ಹಿಡಿದೆ. ಮಾತಿನ ವ್ಯಂಗ್ಯಕ್ಕೆ ಬಾವಿಯ ಬೀಗ ಬರೆದು, ಕೆಲಸಕ್ಕೆ ಹೊಂದದ ಕಾರಣವೇ ಇಲ್ಲಿ ಗುರುತು ಎಂದು ಸೇರಿಸಿದೆ. ಬೀಗರ ಹಾಡಿನ ತುಪ್ಪವನ್ನೂ ನಾಲ್ಕು ಸಾಲಿನಲ್ಲಿ ಬರೆದೆ. ಸನ್ನಿವೇಶದ ವ್ಯಂಗ್ಯಕ್ಕೆ, ಬೇರೆ ಯಾರೂ ಅವನ ಮನೆ ಸುಡಲಿಲ್ಲ, ಅವನು ಹಾಕಿದ ಬೀಗವೇ ಸುಟ್ಟಿತು ಎಂದು ಬರೆದೆ. ಛತ್ರದಲ್ಲಿ ಸಿಹಿ ಹಂಚುವ ಸಾಹುಕಾರನಿಗೆ ಬಂದಾಗ ಕೈ ತಡೆಯಲೇ ಇಲ್ಲ. ಅವನು ಕೆಟ್ಟವನೆಂದು ಗೊತ್ತಿದ್ದೂ ಆ ಗಳಿಗೆಯಲ್ಲಿ ಓದುವವರಿಗೆ ಅವನ ಮೇಲೆ ಸ್ವಲ್ಪ ಮರುಕ ಹುಟ್ಟುತ್ತದೆ, ಏಕೆಂದರೆ ಅವನಿಗಿಂತ ಮೊದಲು ಅವನ ಮನೆ ಬೂದಿಯಾದದ್ದನ್ನು ನಾವು ನೋಡಿಬಿಟ್ಟಿದ್ದೇವೆ, ಎಂದು ಬರೆದೆ. ಬೆಲ್ಲು ಹೊಡೆಯುವ ಹೊತ್ತಿಗೆ ಎರಡನೇ ಪೆನ್ನಿನ ಇಂಕೂ ತಳ ಹಿಡಿದಿತ್ತು. ಮೂರನೆಯದು ಇದ್ದದ್ದು ಅತ್ತೆಯ ದಯೆ.

ಊರಿಗೆ ಬಂದು ಅತ್ತೆಯ ಕಾಲು ಮುಟ್ಟಿದೆ. ದೇವರ ಮುಂದೆ ಸುಳ್ಳಾಡಿದ್ದಕ್ಕೆ ಏನು ಮಾಡಲಿ ಎಂದು ಕೇಳಿದೆ. “ನಂಗಿಂತ ಆಯಮ್ಮಂಗೆ ಮೊದ್ಲೇ ಗೊತ್ತಿತ್ತು ಬುಡು. ಆಯಮ್ಮನೂ ಕತೆ ಕೇಳಕ್ಕೇ ಸುಮ್ನಿದ್ಲು,” ಎಂದರು.

ಇದು ಆಗಿ ಕೆಲವು ವಾರ. ಈಗ ಜಗಲಿಯ ಮೇಲೆ ಹುಣಸೆಹಣ್ಣಿನ ಮುಂದೆ ಕೂತು ಕಾಯುತ್ತಿದ್ದೆವು. ಜಜ್ಜುವಷ್ಟೂ ಜಜ್ಜಿಯಾಯಿತು, ಅತ್ತೆ ನಾರೆಳೆಯುವಷ್ಟೂ ಎಳೆದಾಯಿತು. ಫೋನು ಮತ್ತೆ ಹೊಡೆದುಕೊಂಡಿತು. ಅತ್ತೆ ಈ ಸಲ ಬೆರಳು ಕೂಡ ಒರೆಸಿಕೊಳ್ಳಲಿಲ್ಲ.

ಮೇಡಂ ದನಿಯಲ್ಲೇ ಗೊತ್ತಾಯಿತು. “ಪಾಸು ಕಣ್ರೀ. ಕನ್ನಡದಲ್ಲಿ ಎಂಬತ್ತೊಂದು. ಸರಿಯಾಗಿ ನೋಡಿದೀನಿ, ಎರಡು ಸಲ ನೋಡಿದೀನಿ. ಎಂಬತ್ತೊಂದು.”

ಅಂಟು ಕೈಯಲ್ಲೇ ಕೈ ಮುಗಿದೆ, ಯಾವ ದಿಕ್ಕಿಗೆ ಅಂತ ನೋಡಲೂ ಇಲ್ಲ. ನಮ್ಮನೆಯವರಿಗೆ ಫೋನು ಮಾಡಿದೆವು. ಅವರು ಶಿರಾದಲ್ಲಿ ಲೋಡು ಇಳಿಸುತ್ತಿದ್ದರು. ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ, “ನಮ್ಮನೇವ್ಳು ಪಾಸು,” ಅಂದದ್ದು ನಮಗೂ ಕೇಳಿಸಿತು. ಅರ್ಜಿ ಹಾಕುವುದಕ್ಕೆ ಇನ್ನೂ ದಿನ ಇತ್ತು. ವಯಸ್ಸೂ ಇತ್ತು. ಮೂರನೇ ಸಲಕ್ಕೆ ನಾನು ಗೆದ್ದಿದ್ದೆ.

ಎದುರು ಮನೆಯಾಕೆ ಸದ್ದು ಕೇಳಿ ಬಾಗಿಲಿಗೆ ಬಂದರು. “ಏನವ್ವ ಅದು, ಏನಾಯ್ತು?”

ಅತ್ತೆ ಹಣೆಗೆ ಕೈ ಹಚ್ಚಿಕೊಂಡರು. “ಏನ್ ಹೇಳ್ಲಿ ಕಣವ್ವ, ನಮ್ಮನೆ ಮರ್ಯಾದೆ ಹೋಯ್ತು. ಸೊಸೆ ಪಾಸಾಗ್ಬುಟ್ಳು. ಇನ್ಮೇಲೆ ಬೀದಿನಾಗೆ ಏನಂತ ಆಡ್ಕೊಳ್ಳಾನ?”

ಇಷ್ಟು ವರ್ಷ ಇಂಥ ಮಾತಿಗೆ ನಾನು ಬಾಯಿ ತೆರೆದದ್ದಿಲ್ಲ. ಅವತ್ತು ತಾನಾಗಿ ಬಂತು. “ಹೂಂ ಕಣ್ರಮ್ಮ, ಎಲ್ಲಾ ನಮ್ಮತ್ತೆಯಿಂದ್ಲೇ ಕೆಟ್ಟಿದ್ದು. ಒಂದಿನ ಅಂದ್ರೆ ಒಂದಿನ ನನ್ನ ಪಾಠ ಕೇಳ್ದವರಲ್ಲ, ಬಾವಿಗೆ ಬೀಗ ಹಾಕ್ದಂಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತಿದ್ರು. ಕಾಲು ಜಾರ್ಬಾರ್ದಲ್ಲ, ಅದಕ್ಕೆ.”

ಎದುರು ಮನೆಯಾಕೆ 'ಛೆ' ಅಂದರು. “ಯಾಕಮ್ಮ ಹಂಗಂತೀಯ, ಹೆತ್ತ ತಾಯಿ ಹಂಗೆ ನೋಡ್ಕೊಂತಾರಲ್ಲ ಪಾಪ, ಒಳ್ಳೆ ದಿನ ಯಾಕೆ ಜಗಳ?”

ಅತ್ತೆ ನನ್ನ ಮುಖ ನೋಡಿದರು. ಆ ನೋಟ ನನಗೆ ಎಂಬತ್ತೊಂದಕ್ಕಿಂತ ದೊಡ್ಡದು. ಸೆರಗು ಬಾಯಿಗೆ ಒತ್ತಿಕೊಂಡು ಅವರು ನಗಲು ಶುರು ಮಾಡಿದ್ದೇ ತಡ, ನನಗೂ ತಡೆಯಲಾಗಲಿಲ್ಲ. ಎದುರು ಮನೆಯಾಕೆ ಇಬ್ಬರನ್ನೂ ನೋಡಿ, ನಮಗೆ ಬಿಸಿಲು ತಾಗಿದೆ ಅಂದುಕೊಂಡು, ಮಜ್ಜಿಗೆ ತರಲು ಒಳಗೆ ಹೋದರು.

ಅಷ್ಟರಲ್ಲಿ ಬೀದಿಯ ನಲ್ಲಿ ಗೊರಗೊರ ಅಂದಿತು. ಎರಡು ದಿನದ ಮೇಲೆ ನೀರು ಬಿಟ್ಟಿದ್ದರು. ಕೈ ತೊಳೆದುಕೊಂಡು, ಖಾಲಿ ಬಿಂದಿಗೆಗಳನ್ನು ಎರಡೂ ಕಂಕುಳಿಗೆ ಇರುಕಿಕೊಂಡು ನೀರು ಹಿಡಿಯಲು ಹೋದೆ.